ಮುಚ್ಚಬಾರದ ಲ್ಯಾಪ್‌ಟಾಪ್

ನನ್ನ ಸೋದರಮಾವನಿಗೆ ಈ ಜಗತ್ತಿನಲ್ಲಿ ಇಬ್ಬರ ಮೇಲೆ ಮಾತ್ರ ನಂಬಿಕೆಯಿಲ್ಲ. ಒಬ್ಬರು ವಸ್ತು ತಯಾರಿಸಿದವರು, ಇನ್ನೊಬ್ಬರು ಅದನ್ನು ಮಾರಿದವರು. ದಾವಣಗೆರೆಯ ಮಂಡಿಪೇಟೆಯಲ್ಲಿ ಎಲೆಕ್ಟ್ರಿಕಲ್ ಸಾಮಾನು ಮಾರಿಯೇ ತಲೆಗೂದಲು ನರೆಸಿಕೊಂಡವರು ಇವರು ಎನ್ನುವುದು ಬೇರೆ ಮಾತು! ಹೊಸದಾಗಿ ಏನೇ ತರಲಿ, ಒಮ್ಮೆ ಸ್ಕ್ರೂಡ್ರೈವರ್ ಹಾಕಿ ಬಿಚ್ಚಿ ಜೋಡಿಸಿದ ಮೇಲೇ ಅದು ಮನೆಗೆ ಸೇರಿದ ಹಾಗೆ. ಜೋಡಿಸಿದ ಮೇಲೆ ಎರಡು ಸ್ಕ್ರೂ ಉಳಿದರೆ? "ಕಂಪನಿಯವ್ರು ಹೆಚ್ಚಿಗೆ ಹಾಕಿದ್ರು, ತೆಗ್ದೆ" ಎಂದು ಡಬ್ಬಿಗೆ ಹಾಕುತ್ತಾರೆ. ಆ ಡಬ್ಬಿ ತುಂಬಿದೆ. ಫ್ಯಾನು, ಮಿಕ್ಸಿ ಎಲ್ಲ ಓಡುತ್ತಲೇ ಇವೆ. ಒಂದಾದರೂ ಕೈಕೊಟ್ಟಿದ್ದರೆ ಮಾವ ಲ್ಯಾಪ್‌ಟಾಪಿನ ತಂಟೆಗೆ ಹೋಗುತ್ತಿರಲಿಲ್ಲ.

ಲ್ಯಾಪ್‌ಟಾಪು ಬಂದದ್ದು ಅತ್ತೆಗಾಗಿ. ಒಲೆಯ ಮೇಲೆ ಸಾರು ಕುದಿಯುವಾಗಲೂ ಕೈಯಲ್ಲೊಂದು ಕಾದಂಬರಿ ಹಿಡಿದು ನಿಲ್ಲುವ ಜೀವ ಅದು. ಸಕ್ಕರೆ ಕಾಯಿಲೆ ಕಣ್ಣಿಗೆ ಬಂದು, ಡಾಕ್ಟರು ಉಳಿದಷ್ಟು ದೃಷ್ಟಿಯನ್ನು ಉಳಿಸಿಕೊಟ್ಟರು. ಆದರೆ ಪುಸ್ತಕದ ಅಕ್ಷರ ಕಾಣುವುದಿಲ್ಲ, ಬೆಳಕು ಜೋರಾದರೆ ಕಣ್ಣಲ್ಲಿ ನೀರು ಸುರಿಯುತ್ತದೆ. ಓದು ನಿಂತ ಮೇಲೆ ಅತ್ತೆ ಗೋಡೆ ನೋಡುತ್ತ ಕೂರತೊಡಗಿದರು. ಸಮಾಧಾನ ಹೇಳುವುದು ಮಾವನಿಗೆ ಬಾರದು. "ಊಟಕ್ಕೆ ಹಾಕು", "ಫ್ಯಾನ್ ಆರ್ಸು" ಇವೆರಡನ್ನು ಬಿಟ್ಟು ಅವರು ಹೆಂಡತಿಯ ಜೊತೆ ಮೂರನೇ ವಾಕ್ಯ ಆಡಿದ್ದನ್ನು ಕೇಳಿದವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ಮಾತಿನ ಬದಲು ಅವರು ಅಂಗಡಿಗೆ ಹೋಗಿ, ಇದ್ದುದರಲ್ಲೇ ಅಗ್ಗದ ಲ್ಯಾಪ್‌ಟಾಪು ತಂದರು. ಅದರಲ್ಲಿ ಕಾದಂಬರಿಯ ಅಕ್ಷರಗಳನ್ನು ಅಂಗಡಿ ಬೋರ್ಡಿನಷ್ಟು ದೊಡ್ಡದು ಮಾಡಿ ತೋರಿಸಬೇಕು ಎಂಬುದು ಅವರ ಹಟ.

ಆ ಲ್ಯಾಪ್‌ಟಾಪೋ, ಬಟನ್ ಒತ್ತಿ ಹೋಗಿ ಮಂಡಕ್ಕಿ ಮಿರ್ಚಿ ತಿಂದು ಬಂದರೂ ಇನ್ನೂ ಕಣ್ಣು ಬಿಡುತ್ತಲೇ ಇರುತ್ತಿತ್ತು. ನಾನು ಹರಿಹರದಲ್ಲಿ ಡಿಟಿಪಿ ಅಂಗಡಿ ಇಟ್ಟವನು. ಫೋನಿನಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟೆ: "ಕಂಪನಿ ಹಾಕಿಕೊಟ್ಟಿರೋ ಸಾಫ್ಟ್‌ವೇರ್ ತೆಗ್ದು ಲಿನಕ್ಸ್ ಹಾಕ್ರಿ ಮಾವ, ಹಗುರಾಗಿ ಓಡ್ತೈತೆ. ಪುಕ್ಕಟೆ ಸಿಗ್ತೈತೆ. ಯಾರು ಬೇಕಾದ್ರೂ ಒಳಗೆ ಬಿಚ್ಚಿ ನೋಡಬೌದು."

ಬಿಚ್ಚಿ ನೋಡಬಹುದು! ಆ ಎರಡು ಶಬ್ದ ನನ್ನ ಬಾಯಿಂದ ಯಾಕಾದರೂ ಬಂದವೋ!

ಮಾವ ವಿಡಿಯೋ ನೋಡಿ ನೋಡಿ ತಾವೇ ಲಿನಕ್ಸ್ ಹಾಕಿದರು. ಲ್ಯಾಪ್‌ಟಾಪು ನಿಜಕ್ಕೂ ಚುರುಕಾಯಿತು. ಆದರೆ ಅದರ ಒಳಗಿನ ಅಗ್ಗದ ಭಾಗಗಳಿಗೂ ಲಿನಕ್ಸಿಗೂ ಹೊಂದಾಣಿಕೆಯೇ ಇಲ್ಲ. ಮೊದಲು ವೈಫೈ ಮುನಿಸಿಕೊಂಡಿತು. ಫೋನನ್ನು ವೈರಿನಲ್ಲಿ ಲ್ಯಾಪ್‌ಟಾಪಿಗೆ ಕಟ್ಟಿದರೆ ಇಂಟರ್‌ನೆಟ್ ಬರುತ್ತದೆ ಎಂದು ಕಂಡುಕೊಂಡ ಮಾವ ಮತ್ತೆ ಅದನ್ನು ಬಿಚ್ಚಲೇ ಇಲ್ಲ. ಯಾರಾದರೂ ಫೋನ್ ಮಾಡಿದರೆ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡೇ ಮಾತಾಡುತ್ತಿದ್ದರು.

ಒಂದು ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಪ್ರತ್ಯಕ್ಷರಾದರು. ಎರಡೂ ಕೈಯಲ್ಲಿ ಬಾಯಿ ತೆರೆದ ಲ್ಯಾಪ್‌ಟಾಪು, ಅದಕ್ಕೆ ಜೋತುಬಿದ್ದ ಫೋನು! ಬಸ್ಸಿನಲ್ಲಿ ದಾವಣಗೆರೆಯಿಂದ ಹರಿಹರದವರೆಗೆ ಹಾಗೇ ತೊಡೆಯ ಮೇಲೆ ತೆರೆದಿಟ್ಟುಕೊಂಡು ಬಂದಿದ್ದರಂತೆ. ಕಂಡಕ್ಟರು, "ಯಜಮಾನ್ರೆ, ಅದನ್ನ ಮುಚ್ರಿ, ಪಕ್ಕದವ್ರಿಗೆ ಜಾಗ ಆಗ್ಲಿ" ಅಂದನಂತೆ.

"ಮುಚ್ಚಿದ್ರೆ ಮಲ್ಕಂತೈತೆ, ಮಲ್ಕಂಡ್ರೆ ಏಳಂಗಿಲ್ಲ" ಎಂದರಂತೆ ಮಾವ.

ಅವರು ಹೇಳಿದ ಧಾಟಿಗೆ ಪಾಪ, ಕಂಡಕ್ಟರು ಗಾಬರಿಯಾಗಿ ಪಕ್ಕದವರನ್ನೇ ಎಬ್ಬಿಸಿ ಜಾಗ ಮಾಡಿಕೊಟ್ಟನಂತೆ!

"ಪೂರ್ತಿ ಆಫ್ ಮಾಡ್ಕಂಡು ಬರಬೌದಿತ್ತಲ್ಲ ಮಾವ?" ಎಂದೆ.

"ಲೇ, ಡಾಕ್ಟ್ರತ್ರ ಹೋಗೋವಾಗ ಜ್ವರ ಮನ್ಯಾಗೆ ಬಿಟ್ಟು ಹೋಗ್ತೀಯೇನೋ? ರೋಗ ಹೆಂಗೈತೋ ಹಂಗೇ ತೋರಿಸ್ಬೇಕು."

ಮುಚ್ಚಿದರೂ ಮಲಗದಂತೆ ಸೆಟ್ಟಿಂಗ್ ಬದಲಿಸಿದೆ. ವೈಫೈಗೆ ಹೆಬ್ಬೆರಳಿನಷ್ಟು ದೊಡ್ಡ ಅಡಾಪ್ಟರ್ ಚುಚ್ಚಿ, ಫೋನಿಗೆ ಬಿಡುಗಡೆ ಕೊಡಿಸಿದೆ. ಉಳಿದದ್ದು ಒಂದೇ, ಅದೇ ಮುಖ್ಯವಾದದ್ದು. ಪರದೆಯ ಬೆಳಕು ಕಡಿಮೆ ಆಗುತ್ತಿರಲಿಲ್ಲ. ಯಾವ ಗುಂಡಿ ಒತ್ತಿದರೂ ಹೆಡ್‌ಲೈಟಿನಂತೆ ಉರಿಯುತ್ತಿತ್ತು. ಅತ್ತೆ ಅದರ ಮುಂದೆ ಎರಡು ನಿಮಿಷ ಕೂರುವಂತಿರಲಿಲ್ಲ. ಇಡೀ ದಿನ ಕೂತು ಸೋತೆ. ಮಾವ ಲ್ಯಾಪ್‌ಟಾಪು ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅವರ ಬೆನ್ನು ನೋಡಿ ನನಗೆ ಸಂಕಟವಾಯಿತು.

ಎರಡು ವಾರ ಹುಡುಕಿದ ಮೇಲೆ ಯಾರೋ ಪುಣ್ಯಾತ್ಮ ಬರೆದಿಟ್ಟ ಉಪಾಯ ಸಿಕ್ಕಿತು. ಲ್ಯಾಪ್‌ಟಾಪು ಶುರುವಾಗುವಾಗ ಓದಿಕೊಳ್ಳುವ ಫೈಲಿಗೆ ಒಂದು ಸಾಲು ಸೇರಿಸಬೇಕು, ಅಷ್ಟೇ. ದಾವಣಗೆರೆಗೆ ಓಡಿದೆ. ನೋಡಿದರೆ, ಅತ್ತೆ ಕಿಟಕಿಯ ಪಕ್ಕ ಕೂತು ಆರಾಮಾಗಿ ಓದುತ್ತಿದ್ದಾರೆ! ಪರದೆಯ ಮೇಲೆ ಕಪ್ಪಗೆ ಏನೋ ಅಂಟಿಸಿದೆ. ಹತ್ತಿರ ಹೋದೆ. ಎಕ್ಸ್‌ರೇ! ಗಮ್ ಟೇಪು ಹಚ್ಚಿದ ಎದೆಯ ಎಕ್ಸ್‌ರೇ! ಕಥಾನಾಯಕಿ ಪಕ್ಕೆಲುಬುಗಳ ನಡುವೆ ಅಳುತ್ತಿದ್ದಾಳೆ!

"ಮಾವ, ಏನ್ರಿ ಇದು?"

"ಗ್ರಹಣ ನೋಡಕೆ ಆಗ್ತೈತೆ, ಇದಕ್ಕೆ ಯಾಕ ಆಗಂಗಿಲ್ಲ?" ಎಂದರು ಮಾವ. "ಹೋದ ವರ್ಷ ನಂಗೆ ಕೆಮ್ಮು ಆಗಿತ್ತಲ್ಲ, ಆಗ ತೆಗ್ಸಿದ್ದು. ಸುಮ್ನೆ ಬಿದ್ದಿತ್ತು."

ನಾನು ನಕ್ಕು ನಕ್ಕು ಸುಸ್ತಾದೆ. ಆಮೇಲೆ ಆ ಒಂದು ಸಾಲು ಸೇರಿಸಿ, ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಶುರು ಮಾಡಿ, ಬೆಳಕಿನ ಗುಂಡಿ ಒತ್ತಿದೆ. ಬೆಳಕು ಮೆಲ್ಲಗೆ ಇಳಿಯಿತು! ಜಂಬದಿಂದ, "ಇನ್ನ ಇದು ಬ್ಯಾಡ ಅತ್ತೆ" ಎನ್ನುತ್ತ ಟೇಪಿನ ಮೂಲೆ ಎಬ್ಬಿಸಿದೆ.

ಅತ್ತೆ ನನ್ನ ಕೈ ಹಿಡಿದರು.

"ಇರ್ಲಿ ಬಿಡಪ್ಪ. ಶ್ವಾಸಕೋಶದ ಹತ್ರ ಬಂದ ಸಾಲು ಮಬ್ಬಾಗ್ತೈತೆ. ಇಲ್ಲಿ, ಎದೆಗುಂಡಿಗೆ ಇರೋ ಜಾಗಕ್ಕೆ ಸರಿಸ್ಕಂಡ್ರೆ ಚೆಂದಾಗಿ ಕಾಣ್ತೈತೆ. ಒಂದೊಂದು ಸಾಲೂ ಅಲ್ಲಿಗೇ ತಂದ್ಕಂಡು ಓದ್ತೀನಿ." ಗಂಡನ ಕಡೆ ನೋಡದೆ ಹೇಳಿದರು: "ನಲವತ್ತು ವರ್ಷ ಆತು, ನಿಮ್ಮ ಮಾವ ಬಾಯಿ ಬಿಟ್ಟು ಒಂದು ಮಾತು ಹೇಳ್ಲಿಲ್ಲ. ಈಗ ಎದೇನೇ ತಂದು ಮುಂದೆ ಇಟ್ಟಾರ. ಅದನ್ನ ಕಿತ್ತು ಹಾಕ್ತೀಯೇನು?"

ಮಾವನನ್ನು ಕಂಡು ನಾವೆಲ್ಲ ನಕ್ಕಿದ್ದೆಷ್ಟು, ಅವರನ್ನು ಅರಿತಿದ್ದೆಷ್ಟು ಕಡಿಮೆ! ಮಾವ ಏನಾದರೂ ಹೇಳಿಯಾರು ಎಂದು ನೋಡಿದೆ. ಅವರು ಕೆಮ್ಮಿದರು. ಎದ್ದು ಬಂದು, ನಾನು ಎಬ್ಬಿಸಿದ್ದ ಟೇಪಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದರು. ಆಮೇಲೆ, ಅತ್ತೆ ಕೇಳದಿದ್ದರೂ, ತಾವೇ ಹೋಗಿ ಫ್ಯಾನ್ ಹಾಕಿದರು.