ಹೆಂಡತಿಯ ಸಮ್ಮತಿ

ಇಪ್ಪತ್ತು ವರ್ಷದ ಹಿಂದಿನ ಮಾತು. ಅಕ್ಕನ ಮಗಳು ಶ್ರುತಿಯನ್ನು ದತ್ತು ಪಡೆಯುವುದು ಅರ್ಧ ದಿನದ ಕೆಲಸವೆಂದು ನಾನು ಗಟ್ಟಿಯಾಗಿ ನಂಬಿದ್ದೆ. ಅಕ್ಕ ಹೆರಿಗೆಯಲ್ಲೇ ತೀರಿಕೊಂಡ ಮೇಲೆ ಕೂಸನ್ನು ಬರೋಡಾಕ್ಕೆ ತಂದು ಸಾಕಿದವಳು ನಾನು. ನಮಗೆ ಬೇರೆ ಮಕ್ಕಳಿಲ್ಲ. ಸೂರತ್‌ನ ಕತಾರ್‌ಗಾಮ್‌ನಲ್ಲಿ ಹೋಟೆಲು ನಡೆಸುವ ಭಾವ ಕೊಡುವವರು, ನಾನು ತೆಗೆದುಕೊಳ್ಳುವವಳು. ನಡುವೆ ಕಾನೂನಿಗೇನು ಕೆಲಸ? ರೇಷ್ಮೆ ಸೀರೆ ಉಟ್ಟು ವಕೀಲರ ಮುಂದೆ ಕುಳಿತೆ.

ವಕೀಲರು ದತ್ತುಪತ್ರ ಓದಿದರು. ದತ್ತು ಪಡೆಯುವವರು: ನನ್ನ ಗಂಡ ವಾಸುದೇವ.

"ನನ್ನ ಹೆಸರು?"

"ಕೆಳಗಿದೆಯಲ್ಲ ಬೆನ್, ಹೆಂಡತಿಯ ಸಮ್ಮತಿ ಇದೆ ಅಂತ. ಗಂಡ ಇರುವ ಹೆಂಗಸು ತನ್ನ ಹೆಸರಲ್ಲಿ ದತ್ತು ತಗೊಳ್ಳೋ ಹಾಗಿಲ್ಲ."

ನನ್ನ ನೆತ್ತಿ ದೋಸೆಯ ಕಾವಲಿಯಾಯಿತು.

"ಅವಳ ಜ್ವರಕ್ಕೆ ನಿದ್ದೆಗೆಟ್ಟವಳು ನಾನು. ಇವರು ಕೊಯಾಲಿಯ ರಿಫೈನರಿಯಲ್ಲಿ ಶಿಫ್ಟ್ ಮುಗಿಸಿ ಬರುವಾಗ ಅವಳು ಮಲಗಿರುತ್ತಾಳೆ. ನಾನು ಬರೀ ಸಮ್ಮತಿಯಾ?"

"ಕಾನೂನು ನಾನು ಮಾಡಿದ್ದಲ್ಲ ಮಾರಾಯ್ತಿ," ಎಂದರು ಇವರು. "ಸಹಿ ಹಾಕು, ಮನೆಗೆ ಹೋಗುವ."

ನೋಂದಣಿ ಕಚೇರಿ ಮುಟ್ಟುವವರೆಗೂ ಶ್ರುತಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ರಿಕ್ಷಾದಲ್ಲಿ ಕುದಿಯುತ್ತಲೇ ಇದ್ದೆ. ಅಲ್ಲಿ ಸಾಹೇಬರು ಇವರನ್ನು ಮಗುವಿನ ವಯಸ್ಸು ಕೇಳಿದರು. ಇವರು ನನ್ನ ಮುಖ ನೋಡಿದರು. ದತ್ತು ಪಡೆಯುವ ಸಕಲ ಅಧಿಕಾರ ಹೊಂದಿದ ಮಹಾಶಯರಿಗೆ ವಯಸ್ಸು ಗೊತ್ತಿಲ್ಲ!

"ಐದು," ಎಂದೆ.

"ನಿಮ್ಮನ್ನು ಕೇಳಲಿಲ್ಲ ಬೆನ್."

ಆಮೇಲೆ ನನ್ನ ಸರದಿ ಬಂತು. "ತಮಾರಿ ಸಮ್ಮತಿ ಛೇ?" ನಿಮ್ಮ ಸಮ್ಮತಿ ಇದೆಯೇ?

ಕೇಳಿದರೆ ಅರ್ಥವಾಗುತ್ತಿತ್ತು, ಆಡಲು ನನಗಿದ್ದದ್ದು ತರಕಾರಿ ಕೊಳ್ಳುವಷ್ಟು ಗುಜರಾತಿ. 'ಈ ಸಮ್ಮತಿ ಕೊಡುವ ಪಾತ್ರ ನನಗೆ ಬೇಡ, ತಾಯಿಯ ಹಕ್ಕು ಬೇಕು' ಎಂದು ಹೇಳಲು ಎದ್ದು ನಿಂತೆ. ಸಿಟ್ಟಿನ ಭರಕ್ಕೆ ಬಾಯಿಂದ ಬಂದದ್ದು ದಿನಾ ಬದನೆಕಾಯಿಯವನಿಗೆ ಹೇಳುವ ಮಾತು: "ನಥೀ ಜೋಯಿತುಂ." ಬೇಡ!

ಸಾಹೇಬರು ಕಡತ ಮುಚ್ಚಿದರು. ಹೆಂಡತಿ ಬೇಡವೆಂದರೆ ದತ್ತು ಇಲ್ಲ. ಅಷ್ಟು ಹೊತ್ತು ನನ್ನ ಮಾತಿಗೆ ಬೆಲೆಯಿಲ್ಲದ ಕಚೇರಿಯಲ್ಲಿ ಅದೊಂದು ಮಾತಿಗೆ ಮಾತ್ರ ಎಷ್ಟು ಗೌರವ!

"ಎಂಥ ಮಾಡಿದೆ ಮಾರಾಯ್ತಿ?" ಹೋಟೆಲಿಗೆ ಬೀಗ ಹಾಕಿ ಬಂದಿದ್ದ ಭಾವ ಬೆವರು ಒರೆಸಿಕೊಂಡರು.

"ನಾನು ಬೇಡ ಅಂದದ್ದು ಆ ಕಾನೂನನ್ನು!"

"ಅವರಿಗೆ ಹಾಗೆ ಕೇಳಿಸಲಿಲ್ಲವಲ್ಲ."

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗುಜರಾತಿ ಬಲ್ಲವಳು ಶ್ರುತಿ. ಮೆಟ್ಟಿಲಿಳಿಯುವಾಗ ಸೆರಗು ಹಿಡಿದಳು.

"ಅಮ್ಮ, ನಾನು ನಥೀ ಜೋಯಿತೀ?"

ಮೆಟ್ಟಿಲ ಮೇಲೇ ಕುಳಿತು ಅವಳನ್ನು ಎಳೆದು ಅಪ್ಪಿಕೊಂಡೆ. "ನೀನಲ್ಲ ಪುಟ್ಟಿ, ನೀನು ಬೇಕು," ಎಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಆ ರಾತ್ರಿ ಅವಳು ಅನ್ನ ಕಲಸಿಸಿಕೊಂಡದ್ದು ಇವರ ಕೈಯಿಂದ. ಕಾನೂನಿನ ಮೇಲಿದ್ದ ಸಿಟ್ಟೆಲ್ಲ ನನ್ನ ನಾಲಿಗೆಯ ಮೇಲೆ ತಿರುಗಿತು.

ಮುಂದಿನ ವಾರ ಭಾವ ಮತ್ತೆ ಬೀಗ ಹಾಕಿ ಬಂದರು. ಕಾನೂನು ಅಷ್ಟೇ ಕೆಟ್ಟದಾಗಿತ್ತು, ನಾನು ಸಿಟ್ಟು ನುಂಗಿ ಕುಳಿತೆ. ಸಾಹೇಬರು ನನ್ನ ಕಡೆ ತಿರುಗಿ ಬಾಯಿ ತೆರೆದದ್ದೇ ತಡ, ಪಕ್ಕದಲ್ಲಿದ್ದ ಶ್ರುತಿಗೆ ಕೇಳಿಸಲೆಂದು ಇಡೀ ಕಚೇರಿ ಬೆಚ್ಚುವಂತೆ ಕೂಗಿದೆ: "ಹಾ, ಹಾ! ಸಮ್ಮತಿ ಛೇ! ಪೂರಾ ಸಮ್ಮತಿ ಛೇ!"

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. ಪಾಪ, ಅವರು ಕೇಳಲು ಹೊರಟದ್ದು ಇಷ್ಟೇ: ನಿಮ್ಮ ಹಿಂದಿನ ಬೀರು ತೆಗೆಯಬೇಕು, ಕುರ್ಚಿ ಸ್ವಲ್ಪ ಸರಿಸುತ್ತೀರಾ?