ಹಾರಕ್ಕೆ ಬಿಟ್ಟ ಜಾಗ

ನಮ್ಮ ಹಜಾರದ ಕ್ಯಾಲೆಂಡರ್ ಎಡಕ್ಕೆ ಒಂದು ನೂಲಿನಷ್ಟು ವಾಲಿತ್ತು. ಮಾವ ಅದನ್ನು ಸರಿಮಾಡಿದ ಮೇಲೆಯೇ ಚಪ್ಪಲಿ ಬಿಟ್ಟರು. ಅಮ್ಮನ ಅಣ್ಣನಾದ ಇವರಿಗೆ ಮನುಷ್ಯರಿಗಿಂತ ಗೋಡೆಯ ಮೇಲಿರುವವರ ಪರಿಚಯವೇ ಹೆಚ್ಚು ಎಂದರೆ ಯಾರಾದರೂ ನಂಬುತ್ತಾರೆಯೇ? ನಂಬಲೇಬೇಕು. ಮಾಮೂಲ್‌ಪೇಟೆಯ ಅಂಗಡಿಯಲ್ಲಿ ನಲವತ್ತು ವರ್ಷದಿಂದ ಫೋಟೊಗಳಿಗೆ ಕಟ್ಟು ಹಾಕುತ್ತಿದ್ದಾರೆ.

ನನಗೆ ಮಲ್ಲೇಶ್ವರದಿಂದ ಒಂದು ಸಂಬಂಧ ಬಂದಾಗ ಹುಡುಗನ ಮನೆ ನೋಡಲು ಮಾವನೂ ಹೋಗಿದ್ದರು. "ಹುಡುಗ ಹೇಗಿದಾನೆ?" ಎಂದು ಅಮ್ಮ ಕೇಳಿದಳು.

"ಹುಡುಗನ್ನ ನೋಡೋಕೆ ಪುರುಸೊತ್ತೆಲ್ಲಿತ್ತು? ಅವರಜ್ಜನ ಫೋಟೊಗೆ ಗೆದ್ದಲು ಹಿಡಿದಿದೆ. ಅಜ್ಜನ್ನೇ ಹಂಗಿಟ್ಟೋರು ನಮ್ಮ ಹುಡುಗೀನ ಹೆಂಗಿಟ್ಕೋತಾರೆ?"

ಸಂಬಂಧ ಅಲ್ಲಿಗೇ ನಿಂತಿತು. ಆ ಗೆದ್ದಲಿಗೆ ನಾನು ಇಂದಿಗೂ ಋಣಿ.

ಅಂಗಡಿಯಲ್ಲಿ ರಾಜಕೀಯಕ್ಕೂ ಕೊರತೆಯಿಲ್ಲ. ಚುನಾವಣೆ ಮುಗಿದ ವಾರ ಕಾರ್ಯಕರ್ತರು ಬಂದು ಹಳೆಯ ನಾಯಕರನ್ನು ತೆಗೆಸಿ ಹೊಸಬರನ್ನು ಹಾಕಿಸಿಕೊಂಡು ಹೋಗುತ್ತಾರೆ. "ಕಟ್ಟು ಅದೇ ಕಣಮ್ಮ, ಒಳಗಿರೋರು ಬದಲಾಗ್ತಾರೆ ಅಷ್ಟೆ" ಎನ್ನುವುದು ಮಾವನ ರಾಜ್ಯಶಾಸ್ತ್ರ.

ಇಂಥವರ ಅಂಗಡಿಗೆ ನಾನು ಫ್ರಾನ್ಸಿನ ಕ್ರಾಂತಿಯ ಕಾಲದ ಚಿತ್ರವೊಂದರ ಪ್ರತಿ ಹಿಡಿದು ಹೋದದ್ದು ಬೇರೆ ಗತಿಯಿಲ್ಲದೆ. ಕಲಾ ಇತಿಹಾಸದ ಎಂ.ಎ.ಗೆಂದು ಅದರ ವಿಶ್ಲೇಷಣೆ ಬರೆದಿದ್ದೆ. "ಎಲ್ಲಾ ಪುಸ್ತಕದ್ದೇ. ನೀನೇನು ನೋಡಿದೆ?" ಎಂದು ಬರೆದು ಮೇಡಂ ಅದನ್ನು ಹಿಂದಿರುಗಿಸಿದ್ದರು. ಮರುದಿನವೇ ಸೆಮಿನಾರ್. ಅದು ಕೆಟ್ಟರೆ ಆ ವರ್ಷ ಪದವಿಯಿಲ್ಲ.

ಮಾವ ಚಿತ್ರವನ್ನು ತೋಳುದ್ದ ದೂರ ಹಿಡಿದರು. ತಲೆಗೆ ಬಟ್ಟೆ ಸುತ್ತಿದ ನಾಯಕನೊಬ್ಬ ಸ್ನಾನದ ತೊಟ್ಟಿಯಲ್ಲೇ ಕೊಲೆಯಾಗಿ ಒರಗಿದ್ದಾನೆ. ಒಂದು ಕೈಯಲ್ಲಿ ಪತ್ರ, ನೆಲಕ್ಕೆ ಜೋತುಬಿದ್ದ ಇನ್ನೊಂದರಲ್ಲಿ ಲೇಖನಿ. ಕೆಳಗೆ ಚಾಕು.

"ಬೆಳಕು ನೋಡು. ಚಾಕೂನ ಬಿಟ್ಟು ಮುಖಕ್ಕೆ, ಭುಜಕ್ಕೆ ಬಿದ್ದಿದೆ. ಕೊಂದೋರ್ನ ಮರ್ತ್ಬಿಡು, ಇವನ್ನ ನೋಡು ಅಂತ. ಮುಖದಲ್ಲಿ ನೋವೇ ಇಲ್ಲ. ಸ್ಟುಡಿಯೋದೋರು ಟಚಪ್ ಮಾಡ್ತಾರಲ್ಲ, ಹಂಗೆ."

"ಮೇಲರ್ಧ ಪೂರ್ತಿ ಖಾಲಿ ಗೋಡೆ ಯಾಕೆ ಮಾವ?" ನಾನು ಅದಕ್ಕೆ 'ಸರಳತೆ' ಎಂದು ಬರೆದು ಕೈತೊಳೆದುಕೊಂಡಿದ್ದೆ.

"ಅಷ್ಟೂ ಗೊತ್ತಾಗಲ್ವಾ? ಹಾರಕ್ಕೆ. ಸತ್ತೋರ ಫೋಟೊಗೆ ಮೇಲೆ ಜಾಗ ಬಿಡ್ದೆ ಕಟ್ಟು ಹಾಕಿದ್ರೆ ಹೂವೆಲ್ಲ ಮುಖದ ಮೇಲೆ ಬರುತ್ತೆ."

ನಾನು ನಕ್ಕೆ. ಮಾವ ನಗಲಿಲ್ಲ. "ಈ ಚಿತ್ರ ಬರೆದೋನಿಗೆ ಇವನು ಏನಾಗ್ಬೇಕು?"

"ಗೆಳೆಯ."

"ಗೆಳೆಯನಾಗಿದ್ದೂ ಇಷ್ಟು ಜಾಗ ಬಿಟ್ಟಿದಾನಾ? ಗಟ್ಟಿಗ ಕಣಮ್ಮ."

ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಅತ್ತೆಯ ಫೋಟೊ ಇದೆ. ಅತ್ತೆ ತೀರಿಕೊಂಡು ಎರಡು ವರ್ಷ. ಆ ಕಟ್ಟನ್ನು ನಾನು ಅಂದೇ ಸರಿಯಾಗಿ ನೋಡಿದ್ದು. ಮೇಲಿನ ಪಟ್ಟಿ ಬೈತಲೆಗೆ ತಾಗಿಕೊಂಡೇ ಇತ್ತು. ಹಾರದ ಮಾತಿರಲಿ, ಒಂದು ಬೆರಳಿಗೂ ಎಡೆಯಿರಲಿಲ್ಲ. ಇಡೀ ಪೇಟೆಯ ಸತ್ತವರಿಗೆ ಅಳೆದು ಜಾಗ ಬಿಟ್ಟ ಕೈಗೆ ಇಲ್ಲಿ ಅಳತೆ ತಪ್ಪಿತೇ?

ನಾನು ನೋಡುತ್ತಿರುವುದನ್ನು ಮಾವ ಕಂಡರು.

"ಜಾಗ ಬಿಟ್ರೆ ನಿಮ್ಮಮ್ಮ ಹಾರ ತಂದು ಹಾಕ್ಬಿಡ್ತಾಳೆ" ಎಂದು, ಯಾರದೋ ಫೋಟೊದ ಗಾಜು ಒರೆಸತೊಡಗಿದರು.

ಮರುದಿನ ಬೆಳಿಗ್ಗೆ ಸೆಮಿನಾರಿನಲ್ಲಿ, ಬರೆದುಕೊಂಡು ಹೋಗಿದ್ದ ಹಾಳೆಗಳನ್ನು ಚೀಲದಿಂದ ತೆಗೆಯಲಿಲ್ಲ. ಚಿತ್ರ ಪರದೆಯ ಮೇಲೆ ಬಂದಾಗ ಖಾಲಿ ಮೇಲರ್ಧವನ್ನು ತೋರಿಸಿ, "ಇದನ್ನು ಬರೆದವನು ಸತ್ತವನ ಗೆಳೆಯ" ಎಂದು ಶುರುಮಾಡಿದೆ.