ನೂರ ಮೂವತ್ತೊಂಬತ್ತನೇ ಪುಟದ ನಂತರ

ಯಾರಿಗೆ ಯಾವ ಪುಸ್ತಕ ಕೊಡಬೇಕು ಎಂಬ ವಿಷಯದಲ್ಲಿ ತನ್ನನ್ನು ಮೀರಿಸುವವರು ಈ ಭೂಮಂಡಲದಲ್ಲೇ ಇಲ್ಲ ಎಂದು ನೀರು ಪರೀಕ್ಷಕ ನಂಬಿದ್ದ. ಪುಸ್ತಕ ಅಂದರೆ ಎಲ್ಲ ಪುಸ್ತಕಗಳೂ ಅಲ್ಲ, ಫುಟ್‌ಬಾಲ್ ಆಟಗಾರರ ಆತ್ಮಕಥೆಗಳು ಮಾತ್ರ. ಜನ್ಮದಲ್ಲಿ ಒಂದು ಚೆಂಡು ಒದ್ದವನಲ್ಲ. ಆದರೂ ಅವನ ಕಪಾಟಿನಲ್ಲಿ ಅಂಥ ನಲವತ್ತಮೂರು ಆತ್ಮಕಥೆಗಳಿದ್ದವು, ಒಂದೊಂದಕ್ಕೂ ಒಂದೊಂದು ಕಾರ್ಡು. ಕೆಲಸ ಕಳೆದುಕೊಂಡ ಪಕ್ಕದ ಮನೆಯವನಿಗೆ, ಮೂರು ಕ್ಲಬ್ಬುಗಳು ಹೊರಗೆ ಹಾಕಿದ ಡಿಫೆಂಡರ್. ಮಾತೆತ್ತಿದರೆ ಜಗಳವಾಡುವ ದರ್ಜಿಗೆ, ಕೆಂಪು ಕಾರ್ಡು ತಿಂದು ತಿಂದು ಸಂತನಾದ ಮಿಡ್‌ಫೀಲ್ಡರ್. ವೈದ್ಯರು ಔಷಧಿ ಬರೆದಂತೆ ಬರೆದುಕೊಡುತ್ತಿದ್ದ.

ನಲವತ್ತಮೂರನ್ನೂ ಓದಿ ಮುಗಿಸಿದ್ದನೇ? ಹೆಂಡತಿ ಒಮ್ಮೆ ಹಾಗೆ ಕೇಳಿ ನೋಡಿದ್ದಳು.

"ಟ್ಯಾಂಕಿನ ನೀರು ಪರೀಕ್ಷೆ ಮಾಡೋಕೆ ಟ್ಯಾಂಕನ್ನೇ ಕುಡೀತೀವಾ? ನೂರು ಮಿಲಿ ಸಾಕು," ಎಂದಿದ್ದ. ಪುಸ್ತಕಕ್ಕೆ ಅವನ ಲೆಕ್ಕ ನೂರು ಪುಟ, ಅದರ ಮೇಲೆ ಒಂದೂ ಇಲ್ಲ.

ಈ ಸಲದ ರೋಗಿ ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಮನೆಮಂದಿಗೆಲ್ಲ 'ಭಾವ'. ಡ್ರೈವಿಂಗ್ ಕಲಿಸುವುದು ಭಾವನ ಕಸುಬು. ಹೊಸಬರ ಪಕ್ಕದಲ್ಲಿ ಕೂತು, ತನ್ನ ಕಾಲಡಿಯ ಹೆಚ್ಚುವರಿ ಬ್ರೇಕನ್ನು ಹತ್ತೊಂಬತ್ತು ವರ್ಷ ಒತ್ತಿ ಒತ್ತಿ ಬಲಮಂಡಿ ಸವೆದುಹೋಗಿತ್ತು. ಹೋದ ತಿಂಗಳು ಒತ್ತಬೇಕಾದ ಹೊತ್ತಿಗೆ ಮಂಡಿ ಹಿಡಿದುಕೊಂಡು, ಕಾರು ಶಾಲೆಯ ಗೋಡೆಗೆ ಒಂದು ಗೇಣು ದೂರದಲ್ಲಿ ನಿಂತಿತು. ಆಪರೇಷನ್ ಆಗಲೇಬೇಕು. ಆದರೆ ದಿನಕ್ಕೆ ಎಂಟು ಮಂದಿ ಹೊಸಬರಿಗೆ ಹೆದರದ ಭಾವ, ಆಸ್ಪತ್ರೆಯಿಂದ ಎರಡು ಸಲ ಪರಾರಿಯಾಗಿದ್ದ. ಮೂರನೇ ಸಲ ಓಡಿದರೆ ತಾನು ದಿನ ಕೊಡುವುದಿಲ್ಲ ಎಂದು ಸರ್ಜನ್ ಹೇಳಿಬಿಟ್ಟಿದ್ದರು.

"ಧೈರ್ಯದ ಜವಾಬ್ದಾರಿ ನನಗೆ ಬಿಡಿ," ಎಂದ ಪರೀಕ್ಷಕ. ಮಂಡಿ ಒಡೆದುಕೊಂಡ ಒಬ್ಬ ಸ್ಟ್ರೈಕರ್‌ನ ಆತ್ಮಕಥೆಯನ್ನು ಭಾವನ ಕೈಗಿಟ್ಟ. ಭಾವ ಓದತೊಡಗಿದ, ಮೆಚ್ಚಿದ, ಬ್ಯಾಗು ಹಿಡಿದು ಆಸ್ಪತ್ರೆಗೆ ಸೇರಿಯೂ ಬಿಟ್ಟ. ನಾಳೆ ಬೆಳಿಗ್ಗೆ ಎಂಟಕ್ಕೆ ಆಪರೇಷನ್.

ಮಧ್ಯಾಹ್ನ ಪ್ರಯೋಗಾಲಯದಲ್ಲಿ ಈ ವಿಜಯವನ್ನು ವರ್ಣಿಸುತ್ತಿದ್ದಾಗ, ಪಕ್ಕದ ಮೇಜಿನ ಸಹೋದ್ಯೋಗಿನಿ ಪಿಪೆಟ್ ಕೆಳಗಿಟ್ಟಳು. ಅದೇ ಪುಸ್ತಕವನ್ನು ಅವಳು ಅವನಿಂದಲೇ ತಗೊಂಡು ಓದಿದ್ದಳು, ಕೊನೆಯವರೆಗೆ.

"ಸಾರ್, ಎಂಟನೇ ಅಧ್ಯಾಯ ಓದಿದೀರಾ?"

"ಯಾಕೆ?"

"ಆಪರೇಷನ್ ಕೆಟ್ಟುಹೋಗುತ್ತೆ. ಕಾಲು ಮಡಚೋಕೇ ಬರಲ್ಲ. ಆಟ ಅಲ್ಲಿಗೆ ಮುಗೀತು. ಹದಿನೆಂಟು ಪುಟ ಸರ್ಜನ್ನಿಗೆ ಶಾಪ ಹಾಕಿದಾನೆ."

ಪರೀಕ್ಷಕ ಅರ್ಧ ದಿನ ರಜೆ ಬರೆದುಕೊಟ್ಟು, ಹೆಂಡತಿಗೆ ಫೋನು ಮಾಡಿ, ನಾಲ್ಕು ಗಂಟೆಗೆ ವಾರ್ಡಿನ ಬಾಗಿಲಲ್ಲಿ ನಿಂತಿದ್ದ. ಹೆಂಡತಿ ಆಗಲೇ ಅಲ್ಲಿದ್ದಳು.

"ನಾಲ್ಕು ವರ್ಷ ಕಷ್ಟಪಟ್ಟು ಅಕ್ಕ ಒಪ್ಪಿಸಿದಾಳೆ. ಇವತ್ತು ಭಾವ ಎದ್ದು ಹೋದ್ರೆ, ನೀವೂ ಅವರ ಜೊತೆಗೇ ಹೋಗಿಬಿಡಿ," ಎಂದಳು. ದನಿ ಏರಿಸಲಿಲ್ಲ. ಅದೇ ಅವನನ್ನು ಹೆದರಿಸಿತು.

ಭಾವನನ್ನು ಎಕ್ಸ್‌ರೇಗೆ ಕರೆದೊಯ್ದಿದ್ದರು. ಅಕ್ಕನೂ ಜೊತೆಗೆ ಹೋಗಿದ್ದಳು. ಹಾಸಿಗೆಯ ಮೇಲೆ ಪುಸ್ತಕವಿತ್ತು, ಗುರುತಿನ ಚೀಟಿ ನೂರ ಮೂವತ್ತೊಂದನೇ ಪುಟದಲ್ಲಿ. ಎಂಟನೇ ಅಧ್ಯಾಯ ಶುರುವಾಗುವುದು ನೂರ ನಲವತ್ತರಲ್ಲಿ. ಪುಟಕ್ಕೆ ಎರಡು ನಿಮಿಷದಂತೆ ಇನ್ನು ಹದಿನೆಂಟು ನಿಮಿಷ.

"ಎತ್ತಿಕೊಂಡು ಹೋಗಿಬಿಡ್ಲಾ?"

"ಕಾಣದಿದ್ರೆ ಯಾಕೆ ಅಂತ ಕೇಳಲ್ವಾ? ನಿಮ್ಮ ಮುಖ ನೋಡಿದ್ರೆ ಸಾಕು, ಎಲ್ಲ ಹೇಳಿಬಿಡುತ್ತೆ."

ಆಗ ಅವನಿಗೆ ಹೊಳೆದದ್ದೇ ಗೋಂದು. ಕೆಳಗಿನ ನೋಂದಣಿ ಕೌಂಟರಿನಿಂದ ಬಾಟಲಿ ಬೇಡಿ ತಂದ. ನೂರ ನಲವತ್ತರಿಂದ ನೂರ ಐವತ್ತೇಳರವರೆಗೆ, ಹತ್ತು ಹಾಳೆ. ಪ್ರತಿ ಅಂಚಿಗೆ ಎರಡು ಮಿಲಿಮೀಟರ್ ಅಗಲದ ತೆಳು ಲೇಪ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಪ್ರಯೋಗಾಲಯದಲ್ಲೂ ಅವನ ಕೈ ಇಷ್ಟು ಶುದ್ಧವಾಗಿ ಕೆಲಸ ಮಾಡಿರಲಿಲ್ಲ. ಅಂಟಿಸಿದ ಹಾಳೆಗಳು ಗಟ್ಟಿಯಾಗಿ ಹಿಡಿಯಲಿ ಎಂದು ಪುಸ್ತಕವನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂತ. ನರ್ಸ್ ಬಂದು ಕುರ್ಚಿ ಬೇಕು ಅಂದಳು. ಏಳಲಿಲ್ಲ. ಬೆನ್ನು ಹಿಡಿದಿದೆ ಅಂದ. "ಹಾಗಾದ್ರೆ ನೋವಿನ ಇಂಜೆಕ್ಷನ್ ಕೊಡ್ಲಾ?" ಅಂದಳು. ಆಗ ಎದ್ದ.

ಗಾಲಿಕುರ್ಚಿ ಬಂತು. ಭಾವ ಹಾಸಿಗೆ ಏರಿ, ಕನ್ನಡಕ ಸಿಕ್ಕಿಸಿ, ಪುಸ್ತಕ ತೆರೆದ.

"ಒಳ್ಳೇ ಪುಸ್ತಕ ಕಣಯ್ಯಾ. ಇನ್ನೇನು ಆಪರೇಷನ್ನಿಗೆ ಹೋಗ್ತಾನೆ."

ಪರೀಕ್ಷಕ ಪುಟ ಎಣಿಸತೊಡಗಿದ. ನೂರ ಮೂವತ್ತಮೂರು. ನೂರ ಮೂವತ್ತೈದು. ಹೆಂಡತಿ ಕಿಟಕಿಯ ಕಡೆ ತಿರುಗಿ ನಿಂತಳು. ಏನೂ ಅರಿಯದ ಅಕ್ಕ ಕಿತ್ತಳೆ ಸುಲಿಯುತ್ತಿದ್ದಳು. ನೂರ ಮೂವತ್ತೊಂಬತ್ತು. ಭಾವ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ. ಹತ್ತೂ ಹಾಳೆ ಒಂದೇ ಹಾಳೆಯಂತೆ ತಿರುಗಿದವು. ಪರೀಕ್ಷಕ ಉಸಿರು ಬಿಟ್ಟ.

ಭಾವ ಒಂದು ಸಾಲು ಓದಿದ. ಹಿಂದಿನ ಪುಟಕ್ಕೆ ಹೋದ. ಮತ್ತೆ ಮುಂದಕ್ಕೆ ಬಂದ. ಕನ್ನಡಕ ತೆಗೆದ.

"ನನ್ನ ಪ್ಯಾಂಟ್ ಎಲ್ಲಿ?"

"ಯಾಕ್ರೀ?" ಅಂದಳು ಅಕ್ಕ.

ಭಾವ ಓದಿ ಹೇಳಿದ: "'ಥಿಯೇಟರಿನ ಬಾಗಿಲು ತೆರೆಯಿತು. ನಾನು ಕಣ್ಣು ಮುಚ್ಚಿದೆ.' ಇದು ಇಲ್ಲಿ ಮುಗೀತು. ಮುಂದಿನ ಪುಟ. 'ಅಂತ್ಯಕ್ರಿಯೆಗೆ ತಂಡದವರೆಲ್ಲ ಬಂದಿದ್ದರು. ಯಾರೂ ಮಾತಾಡಲಿಲ್ಲ.'"

ವಾರ್ಡಿನಲ್ಲೂ ಯಾರೂ ಮಾತಾಡಲಿಲ್ಲ.

"ಭಾವ," ಪರೀಕ್ಷಕ ತಡವರಿಸಿದ, "ಅದು ಆತ್ಮಕಥೆ. ಸತ್ತವನು ಬರೆಯೋಕಾಗುತ್ತಾ?"

"ಇಲ್ಲೀವರೆಗೆ ಅವನು ಬರೆದಿದಾನೆ. ಮಿಕ್ಕಿದ್ದು ಹೆಂಡತಿ ಬರೆದಿದಾಳೆ. ಪ್ಯಾಂಟ್ ಕೊಡು."

"ಕೊಡಲ್ಲ," ಅಂದಳು ಅಕ್ಕ. ಹಿಂದಿನ ಎರಡು ಸಲದ ಅನುಭವದಿಂದ ಅದನ್ನು ಮನೆಗೇ ಕಳಿಸಿದ್ದಳು. ಭಾವ ಹೊದಿಕೆಯನ್ನೇ ಸೊಂಟಕ್ಕೆ ಸುತ್ತಿ ಒಂದು ಕಾಲು ಕೆಳಗಿಟ್ಟ. ನೋವಿನ ಮಂಡಿ ಅಲ್ಲೇ ಹಿಡಿದುಕೊಂಡಿತು. ಹಾಸಿಗೆಯ ಅಂಚು ಹಿಡಿದು ನಿಂತ, ಮುಖವೆಲ್ಲ ಬೆವರು. ಅಕ್ಕನ ಕೈಯಲ್ಲಿ ಕಿತ್ತಳೆ ಜಜ್ಜಿಹೋಗಿತ್ತು.

ಅವಳ ಕೈ ನೋಡಿ ಪರೀಕ್ಷಕನಿಗೆ ತಡೆಯಲಾಗಲಿಲ್ಲ.

"ಗೋಂದು ಹಚ್ಚಿದ್ದು ನಾನು," ಅಂದ. "ಮಧ್ಯೆ ಹದಿನೆಂಟು ಪುಟ ಇದೆ. ನಾನೂ ಓದಿಲ್ಲ. ನೂರು ಪುಟ ಓದಿ ನಿಮಗೆ ಕೊಟ್ಟೆ."

ಹೆಂಡತಿ ಕಿಟಕಿಯಿಂದ ತಿರುಗಿ ಬಂದಳು. ನಾಲಿಗೆ ಒತ್ತಿ ಗಂಟಲು ನೋಡುವ ಮರದ ಪಟ್ಟಿಯೊಂದನ್ನು ನರ್ಸ್ ಹತ್ತಿರ ಇಸಕೊಂಡು ಹಾಳೆ ಹಾಳೆಯಾಗಿ ಬಿಡಿಸಿ, ಗಟ್ಟಿಯಾಗಿ ಓದಿದಳು. ಒಂದು ಮಾತೂ ಬಿಡಲಿಲ್ಲ. ಕೆಟ್ಟ ಆಪರೇಷನ್, ಮಡಚದ ಕಾಲು, ಸರ್ಜನ್ನಿಗೆ ಹಾಕಿದ ಶಾಪ, ಎಲ್ಲ. ಪಕ್ಕದ ಹಾಸಿಗೆಯವರೂ ತಲೆ ಎತ್ತಿ ಕೇಳಿದರು. ಪರೀಕ್ಷಕ ನೆಲ ನೋಡುತ್ತ ಕೂತ.

ಹಾಸಿಗೆಯ ಅಂಚಿನಲ್ಲೇ ಕೂತು ಕೇಳುತ್ತಿದ್ದ ಭಾವ, ಮುಗಿದಾಗ ಮಂಡಿಯನ್ನೊಮ್ಮೆ ಸವರಿಕೊಂಡ.

"ಅಂದ್ರೆ ಜೀವಕ್ಕೇನೂ ಆಗಲಿಲ್ಲ."

"ಇಲ್ಲ ಭಾವ," ಅಂದಳು ಹೆಂಡತಿ.

"ಬರೀ ಕಾಲು."

"ಬರೀ ಕಾಲು."

"ಮತ್ತೆ ಸತ್ತಿದ್ದು ಯಾರು?"

ಹೆಂಡತಿ ಮುಂದಿನ ಪುಟ ನೋಡಿದಳು. "ಅವನ ಕೋಚ್. ಎಂಬತ್ತೆರಡು ವರ್ಷ. ನಿದ್ದೆಯಲ್ಲಿ ಹೋದ್ರಂತೆ."

ಭಾವನ ಭುಜ ಇಳಿಯಿತು. ಹೊದಿಕೆ ಬಿಚ್ಚಿ ಮತ್ತೆ ಹಾಸಿಗೆ ಏರಿದ.

"ಇಷ್ಟೇ ತಾನೆ. ಅವನಿಗೆ ಗೋಲು ಹೊಡೀಬೇಕಿತ್ತು, ನನಗೆ ಬ್ರೇಕ್ ಒತ್ತಿದ್ರೆ ಸಾಕು. ಕಾಲು ಹೇಗೂ ಕೆಟ್ಟೇ ಇದೆ, ಇನ್ನೆಷ್ಟು ಕೆಡುತ್ತೆ," ಎಂದು ಅಕ್ಕನ ಕಡೆ ಕೈ ಚಾಚಿದ. ಜಜ್ಜಿದ ಕಿತ್ತಳೆಯನ್ನೇ ತಿಂದ.

ಮರುದಿನ ಎಂಟಕ್ಕೆ ಹತ್ತು ನಿಮಿಷವಿರುವಾಗ ಸ್ಟ್ರೆಚರ್ ಹೊರಟಿತು. ಅಕ್ಕತಂಗಿಯರು ಒಂದು ಕಡೆ, ಪರೀಕ್ಷಕ ಇನ್ನೊಂದು ಕಡೆ. ಧೈರ್ಯ ಹೇಳಲು ಮೂರು ವಾಕ್ಯ ಸಿದ್ಧ ಮಾಡಿಕೊಂಡು ಬಂದಿದ್ದ. ಥಿಯೇಟರಿನ ಬಾಗಿಲು ತೆರೆದಾಗ ಒಂದೂ ನೆನಪಾಗಲಿಲ್ಲ. ಸ್ಟ್ರೆಚರಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಬಿಡಿ ಎಂದು ನರ್ಸ್ ಎರಡು ಸಲ ಹೇಳಿದರೂ ಬಿಡಲಾಗಲಿಲ್ಲ.

ಭಾವ ಮಲಗಿದ್ದಲ್ಲಿಂದಲೇ ಅವನ ಕೈ ಮೇಲೆ ಕೈಯಿಟ್ಟು, ಹೊಸಬರಿಗೆ ಮೊದಲ ಸಲ ಸ್ಟೀರಿಂಗ್ ಕೊಡುವಾಗಿನ ದನಿಯಲ್ಲಿ ಹೇಳಿದ:

"ಹೆದರಬೇಡ ಕಣಯ್ಯಾ. ಸತ್ತಿದ್ದು ಕೋಚು."